ಅಪಾಯ ಯಾರದು, ಆದಾಯ ಯಾರದು? ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಾರರ ಬದುಕು



ದುಡಿಮೆಯ ಚರಿತ್ರೆಗೆಂದು ಮೀಸಲಿಟ್ಟ ಈ ಉಪನ್ಯಾಸಕ್ಕೆ ಕ್ಯಾಲಿಫೋರ್ನಿಯಾದ ಗೋಲ್ಡ್ ರಷ್ ಅನ್ನು ವಿಷಯವಾಗಿ ಆರಿಸಿಕೊಂಡದ್ದಕ್ಕೆ ಕಾರಣವಿದೆ. 19ನೇ ಶತಮಾನದಲ್ಲಿ ಮೈಮುರಿದು ದುಡಿದವರ ಪೈಕಿ ತಮ್ಮ ದುಡಿಮೆಯ ಬಗ್ಗೆ ಇಷ್ಟೊಂದು ಬರೆದಿಟ್ಟು ಹೋದವರು ಕಡಿಮೆ. ಅಲ್ಲಿಗೆ ಹೋದವರಲ್ಲಿ ಓದುಬರಹ ಬಲ್ಲವರು ಹೆಚ್ಚಾಗಿದ್ದರು. ಅವರ ಕಾಗದಗಳು, ದಿನಚರಿಗಳು, ಖರ್ಚಿನ ಪಟ್ಟಿಗಳು ಇಂದಿಗೂ ಓದಲು ಸಿಗುತ್ತವೆ. ಆದರೂ ಜನರ ಮನಸ್ಸಿನಲ್ಲಿ ನಿಂತಿರುವುದು ಗಡ್ಡ ಬಿಟ್ಟು, ಹೊಳೆಯ ನಡುವೆ ಬಾಣಲೆ ಹಿಡಿದು ನಗುವ ಅದೃಷ್ಟಶಾಲಿಯೊಬ್ಬನ ಚಿತ್ರ. ಕಷ್ಟಗಳ ಮಾತು ಬಂದರೂ ಅದು ಬರುವ ರೀತಿ ಒಂದೇ: ಚಳಿ, ಹಸಿವು, ಕಾಯಿಲೆ ಎಲ್ಲವೂ ಪ್ರಕೃತಿ ಒಡ್ಡಿದ ಪರೀಕ್ಷೆ, ಗಟ್ಟಿಗರು ಗೆದ್ದರು, ಉಳಿದವರು ಸೋತರು. ನನ್ನ ವಾದ ಬೇರೆ. ಗಣಿಗಾರನ ಕಷ್ಟಗಳಲ್ಲಿ ಬಹುಪಾಲು ಮನುಷ್ಯರೇ ಕಟ್ಟಿದ ಒಂದು ಏರ್ಪಾಟಿನಿಂದ ಹುಟ್ಟಿದವು. ಚಿನ್ನ ಹುಡುಕುವ ಅಪಾಯವನ್ನು ಆ ಏರ್ಪಾಟು ಪೂರ್ತಿಯಾಗಿ ಹುಡುಕುವವನ ತಲೆಗೇ ಕಟ್ಟಿತ್ತು. ಸಿಕ್ಕ ಚಿನ್ನವಾದರೋ ಅಂಗಡಿ, ನೀರು, ತೆರಿಗೆ, ಬ್ಯಾಂಕು ಎಂಬ ನಾಲ್ಕು ದಾರಿಗಳಲ್ಲಿ ಅವನ ಕೈಬಿಟ್ಟು ಹೋಗುತ್ತಿತ್ತು. ಇದಕ್ಕೆ ಇರುವ ಆಧಾರಗಳನ್ನು ಮುಂದಿಟ್ಟು, ಬರಬಹುದಾದ ಆಕ್ಷೇಪಗಳಿಗೂ ಉತ್ತರ ಹೇಳಲು ಯತ್ನಿಸುತ್ತೇನೆ.

ಮೊದಲು ಘಟನೆಯ ಸ್ಥೂಲ ರೂಪ. 1848ರ ಜನವರಿ 24ರಂದು ಅಮೆರಿಕನ್ ನದಿಯ ದಕ್ಷಿಣ ಕವಲಿನ ದಡದ ಕೊಲೋಮಾ ಎಂಬಲ್ಲಿ, ಜಾನ್ ಸಟರ್ ಕಟ್ಟಿಸುತ್ತಿದ್ದ ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಎಂಬ ಬಡಗಿಗೆ ಚಿನ್ನದ ಚೂರುಗಳು ಕಂಡವು. ಒಂಬತ್ತು ದಿನಗಳ ನಂತರ, ಫೆಬ್ರವರಿ 2ರಂದು, ಈ ಸುದ್ದಿ ತಿಳಿಯದೆಯೇ ಮೆಕ್ಸಿಕೋ ದೇಶವು ಗ್ವಾಡಲೂಪೆ ಹಿಡಾಲ್ಗೋ ಒಪ್ಪಂದದಂತೆ ಕ್ಯಾಲಿಫೋರ್ನಿಯಾವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಹಾಗಾಗಿ ಚಿನ್ನ ಸಿಕ್ಕ ನೆಲದಲ್ಲಿ ಹಳೆಯ ಕಾನೂನು ಹೋಗಿತ್ತು, ಹೊಸದು ಬಂದಿರಲಿಲ್ಲ. ಆ ವರ್ಷದ ಬೇಸಿಗೆಯಲ್ಲಿ ಗಣಿಪ್ರದೇಶವನ್ನು ಸುತ್ತಿ ಬಂದ ಸೇನಾ ಗವರ್ನರ್ ರಿಚರ್ಡ್ ಮೇಸನ್ ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದಾರೆಂದೂ ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅಲ್ಲಿನ ಮೂಲನಿವಾಸಿಗಳೆಂದೂ ವರದಿ ಮಾಡಿದ. ಡಿಸೆಂಬರ್ 5ರಂದು ಅಧ್ಯಕ್ಷ ಜೇಮ್ಸ್ ಪೋಕ್ ಕಾಂಗ್ರೆಸ್ಸಿಗೆ ಕಳಿಸಿದ ಸಂದೇಶದಲ್ಲಿ ಈ ಸುದ್ದಿಗೆ ಸರ್ಕಾರದ ಮುದ್ರೆ ಬಿತ್ತು. ಮುಂದಿನ ವರ್ಷ ಜನ ನುಗ್ಗಿದರು. 1855ರ ಹೊತ್ತಿಗೆ ಸುಮಾರು ಮೂರು ಲಕ್ಷ ಜನ ಅಮೆರಿಕದ ಪೂರ್ವಭಾಗ, ಮೆಕ್ಸಿಕೋ, ಚಿಲಿ, ಯೂರೋಪು, ಚೀನಾ, ಆಸ್ಟ್ರೇಲಿಯಾಗಳಿಂದ ಕ್ಯಾಲಿಫೋರ್ನಿಯಾಕ್ಕೆ ಬಂದಿಳಿದಿದ್ದರು. ಮೇಸನ್ ಎಣಿಸಿದ ಮೂಲನಿವಾಸಿ ಗಣಿಗಾರರು ಮಾತ್ರ ಆ ಹೊತ್ತಿಗೆ ಹೊಳೆದಂಡೆಗಳಿಂದ ಹೆಚ್ಚುಕಡಿಮೆ ಕಾಣೆಯಾಗಿದ್ದರು.

ಗಣಿಗಾರನ ಖರ್ಚು ಗಣಿ ಮುಟ್ಟುವ ಎಷ್ಟೋ ಮೊದಲೇ ಶುರುವಾಗುತ್ತಿತ್ತು. ಪೂರ್ವ ಕರಾವಳಿಯವನಿಗೆ ಮೂರು ದಾರಿಗಳಿದ್ದವು. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಬಳಸಿ ಹಡಗಿನಲ್ಲಿ ಬರುವುದಾದರೆ ಐದರಿಂದ ಎಂಟು ತಿಂಗಳು. ಪನಾಮಾ ಭೂಸಂಧಿಯನ್ನು ಚಾಗ್ರೆಸ್ ನದಿಯ ದೋಣಿಯಲ್ಲಿ, ಆಮೇಲೆ ಹೇಸರಗತ್ತೆಯ ಬೆನ್ನ ಮೇಲೆ ದಾಟುವುದಾದರೆ ಕಾಲ ಕಡಿಮೆ. ಆದರೆ ಮಲೇರಿಯಾ, ಹಳದಿ ಜ್ವರಗಳ ಭಯ ಹೆಚ್ಚು, ಪನಾಮಾ ನಗರದಲ್ಲಿ ಮುಂದಿನ ಹಡಗಿಗಾಗಿ ವಾರಗಟ್ಟಲೆ ಕಾಯುವ ಖರ್ಚು ಬೇರೆ. ಮಿಸೌರಿ ನದಿಯಿಂದ ಎತ್ತಿನ ಬಂಡಿ ಕಟ್ಟಿಕೊಂಡು ಸುಮಾರು ಎರಡು ಸಾವಿರ ಮೈಲಿ ನಡೆಯುವುದು ಮೂರನೆಯದು. ಆ ದಾರಿಯಲ್ಲಿ 1849 ಮತ್ತು 1850ರಲ್ಲಿ ಕಾಲರಾ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಯಾವ ದಾರಿಯೂ ಬರಿಗೈಯವನಿಗೆ ಸಾಧ್ಯವಿರಲಿಲ್ಲ. ಜನ ಹೊಲ ಅಡವಿಟ್ಟರು, ಬಂಧುಗಳಿಂದ ಸಾಲ ತೆಗೆದರು, ಊರಿನವರೆಲ್ಲ ಸೇರಿ ಷೇರು ಹಾಕಿ ಕಂಪನಿ ಕಟ್ಟಿಕೊಂಡರು. ಅಂಥ ಕಂಪನಿಗಳಲ್ಲಿ ಬಹಳಷ್ಟು ಕ್ಯಾಲಿಫೋರ್ನಿಯಾ ಮುಟ್ಟಿದ ಕೆಲವೇ ದಿನಗಳಲ್ಲಿ ಒಡೆದುಹೋದವು, ಸಾಲ ಮಾತ್ರ ಉಳಿಯಿತು. ಹಡಗಿನ ಕಂಪನಿಗೆ ಟಿಕೆಟ್ಟಿನ ಹಣ ಮುಂಗಡವಾಗಿ ಸಂದಿತ್ತು. ಬಂಡಿ, ಎತ್ತು, ಹಿಟ್ಟು ಮಾರಿದವನಿಗೂ ಸಂದಿತ್ತು. ಚಿನ್ನ ಇದೆಯೋ ಇಲ್ಲವೋ ಎಂಬ ಸಂಶಯದ ಭಾರ ಉಳಿದದ್ದು ಗಣಿಗಾರನ ಮೇಲೆ, ಮತ್ತು ಹಿಂದೆ ಊರಿನಲ್ಲಿ ಅಡವಿಟ್ಟ ಹೊಲವನ್ನೂ ಮಕ್ಕಳನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದ ಅವನ ಹೆಂಡತಿಯ ಮೇಲೆ.

ಗಣಿಯ ಕೆಲಸದ ತತ್ವ ಸರಳ. ಚಿನ್ನ ಮರಳಿಗಿಂತ ಏಳು ಪಟ್ಟು ತೂಕದ್ದು. ಅಕ್ಕಿಯಲ್ಲಿನ ಕಲ್ಲನ್ನು ನಾವು ಜಾಲಿಸಿ ತೆಗೆಯುವಂತೆ, ಹೊಳೆಯ ಮರಳನ್ನು ನೀರಿನಲ್ಲಿ ಜಾಲಿಸಿದರೆ ಹಗುರವಾದದ್ದು ಹರಿದುಹೋಗಿ ಭಾರವಾದದ್ದು ತಳದಲ್ಲಿ ನಿಲ್ಲುತ್ತದೆ. ನಮ್ಮ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮಾಡುತ್ತಿದ್ದುದೂ ಇದೇ. ತತ್ವ ಸರಳವಾದರೂ ದುಡಿಮೆ ಸರಳವಲ್ಲ. ಸಿಯೆರಾ ನೆವಾಡಾದ ಹಿಮ ಕರಗಿ ಬರುವ ನೀರಿನಲ್ಲಿ ಮೊಣಕಾಲು ಮಟ್ಟ, ಕೆಲವೊಮ್ಮೆ ಸೊಂಟದ ಮಟ್ಟ ನಿಲ್ಲಬೇಕು. ಮೇಲೆ ಸುಡುವ ಬಿಸಿಲು. ಹಗಲಿಡೀ ಕುಕ್ಕರಗಾಲಿನಲ್ಲಿ ಕುಳಿತು ಸುಮಾರು 50 ಬಾಣಲೆ ಮಣ್ಣು ಜಾಲಿಸಿದರೆ ಅದೇ ದೊಡ್ಡ ದಿನ. ಚಿನ್ನ ಬಹುತೇಕ ತಳದ ಬಂಡೆಯ ಬಿರುಕುಗಳಲ್ಲಿ ನೆಲೆಸುವುದರಿಂದ ಅಲ್ಲಿಗೆ ತಲುಪಲು ಮೇಲಿನ ಕಲ್ಲುಗುಂಡುಗಳನ್ನೂ ಜಲ್ಲಿಯನ್ನೂ ಅಡಿಗಟ್ಟಲೆ ಎತ್ತಿ ಹಾಕಬೇಕು. ಬಾಣಲೆಯ ಜಾಗಕ್ಕೆ ಬೇಗನೆ ತೊಟ್ಟಿಲಿನ ಹಾಗೆ ತೂಗುವ ಪೆಟ್ಟಿಗೆ ಬಂತು. ಒಬ್ಬ ಅಗೆಯಬೇಕು, ಒಬ್ಬ ಹೊರಬೇಕು, ಒಬ್ಬ ನೀರು ಹೊಯ್ಯಬೇಕು, ಒಬ್ಬ ತೂಗಬೇಕು. ಅನಂತರ ಉದ್ದನೆಯ ಮರದ ಕಾಲುವೆಗಳು ಬಂದವು. ಅವುಗಳ ತಳದ ಅಡ್ಡಪಟ್ಟಿಗಳಲ್ಲಿ ಸಣ್ಣ ಚಿನ್ನವನ್ನು ಹಿಡಿದಿಡಲು ಪಾದರಸ ಸುರಿಯುತ್ತಿದ್ದರು. ಸಾನ್ ಹೋಸೆ ಬಳಿಯ ನ್ಯೂ ಆಲ್ಮಡೆನ್ ಗಣಿಯಿಂದ ಅದು ಬೇಕಾದಷ್ಟು ಸಿಗುತ್ತಿತ್ತು. ಪಾದರಸ ಕಚ್ಚಿದ ಚಿನ್ನವನ್ನು ಬೆಂಕಿಯ ಮೇಲಿಟ್ಟು ಕಾಯಿಸಿದಾಗ ಏಳುವ ವಿಷದ ಆವಿ ಸೇರುತ್ತಿದ್ದುದು ದುಡಿಯುವವನ ಶ್ವಾಸಕೋಶಕ್ಕೆ.

ಇಂಥ ದುಡಿಮೆಗೆ ತಕ್ಕ ಊಟವಾಗಲಿ ಸೂರಾಗಲಿ ಇರಲಿಲ್ಲ. ವಸತಿ ಎಂದರೆ ಕ್ಯಾನ್ವಾಸಿನ ಡೇರೆ ಅಥವಾ ಮರದ ದಿಮ್ಮಿಗಳ ಗುಡಿಸಲು. ಊಟ ಎಂದರೆ ಹಿಟ್ಟಿನ ದೋಸೆಯಂಥ ರೊಟ್ಟಿ, ಉಪ್ಪು ಹಚ್ಚಿದ ಹಂದಿಮಾಂಸ, ಬೀನ್ಸ್ ಕಾಳು, ಕಾಫಿ. ತಿಂಗಳುಗಟ್ಟಲೆ ಹಸಿ ತರಕಾರಿ, ಹಣ್ಣು ಕಾಣದೆ ಸ್ಕರ್ವಿ ಬಂತು: ಒಸಡು ಊದಿಕೊಂಡು ರಕ್ತ ಸುರಿಯುವುದು, ಕಾಲು ಕಪ್ಪಾಗುವುದು, ನಡೆಯಲಾಗದೆ ಮಲಗುವುದು. ಎಡ್ವರ್ಡ್ ಗೂಲ್ಡ್ ಬಫಮ್ ಎಂಬಾತ 1850ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಾನೇ ಹೀಗೆ ಮಲಗಿದ್ದನ್ನೂ, ಯಾರೋ ನೆಲಕ್ಕೆ ಚೆಲ್ಲಿದ ಕಾಳು ಮೊಳೆತು ಬಂದ ಎಳೆ ಸೊಪ್ಪು ತಿಂದು ಚೇತರಿಸಿಕೊಂಡದ್ದನ್ನೂ ವಿವರಿಸಿದ್ದಾನೆ. ಮೇಲಿನ ಬಿಡಾರದವರ ಹೊಲಸು ಹರಿದು ಬರುವ ಹೊಳೆಯ ನೀರನ್ನೇ ಕೆಳಗಿನವರು ಕುಡಿಯುತ್ತಿದ್ದುದರಿಂದ ರಕ್ತಭೇದಿ ಮನೆಮಾತಾಗಿತ್ತು. 1850ರ ಅಕ್ಟೋಬರಿನಲ್ಲಿ ಸ್ಯಾಕ್ರಮೆಂಟೊ ಪಟ್ಟಣಕ್ಕೆ ಕಾಲರಾ ಬಡಿಯಿತು. ವೈದ್ಯನೊಬ್ಬ ಬಂದು ನೋಡಿಹೋಗಲು ಒಂದು ಔನ್ಸ್ ಚಿನ್ನ ಕೇಳುವುದು ಸಾಮಾನ್ಯವಾಗಿತ್ತು. ಮಲಗಿದ ದಿನ ಕೂಲಿಯಿಲ್ಲ. ಹೆಚ್ಚು ದಿನ ಮಲಗಿದರೆ ಅಗೆಯಲು ಹಿಡಿದಿದ್ದ ತಾಕೂ ಕೈತಪ್ಪುತ್ತಿತ್ತು, ಏಕೆಂದರೆ ಕೆಲಸ ನಿಲ್ಲಿಸಿ ಬಿಟ್ಟ ಜಾಗವನ್ನು ಇನ್ನೊಬ್ಬರು ಹಿಡಿಯಬಹುದೆಂಬುದು ಬಿಡಾರಗಳ ರೂಢಿಯ ನಿಯಮ. ಹೀಗಾಗಿ ಕಾಯಿಲೆಯ ಖರ್ಚಿನ ಜೊತೆಗೆ ಆಸ್ತಿಯ ನಷ್ಟವೂ ಸೇರಿಕೊಳ್ಳುತ್ತಿತ್ತು.

ಈಗ ಚಿನ್ನ ಕೈಬಿಟ್ಟು ಹೋದ ಮೊದಲನೆಯ ದಾರಿಗೆ, ಅಂದರೆ ಅಂಗಡಿಗೆ ಬರೋಣ. ಅದೇ ಬಫಮ್, ಕೊಲೋಮಾದಲ್ಲಿ ತಾನೂ ಗೆಳೆಯನೂ ತಿಂದ ಒಂದು ಹೊತ್ತಿನ ಉಪಾಹಾರದ ಬಿಲ್ಲನ್ನು ಕೊಟ್ಟಿದ್ದಾನೆ: ಒಂದು ಡಬ್ಬಿ ಸಾರ್ಡೀನ್ ಮೀನಿಗೆ 16 ಡಾಲರ್, ಎರಡು ಬಾಟಲಿ ಏಲ್‌ಗೆ 16, ಬೆಣ್ಣೆಗೆ 6, ಚೀಸಿಗೆ 3, ಒಣ ರೊಟ್ಟಿಗೆ 2; ಒಟ್ಟು 43 ಡಾಲರ್. ಪೂರ್ವ ಭಾಗದಲ್ಲಿ ಕೂಲಿಯವನ ದಿನಗೂಲಿ ಸುಮಾರು ಒಂದು ಡಾಲರ್ ಇದ್ದ ಕಾಲ ಅದು. ಸ್ಯಾಮ್ ಬ್ರಾನನ್ ಎಂಬ ವ್ಯಾಪಾರಿ ಸುದ್ದಿಯನ್ನು ಸಾನ್ ಫ್ರಾನ್ಸಿಸ್ಕೋ ಬೀದಿಗಳಲ್ಲಿ ಸಾರಿದ್ದು ಗುದ್ದಲಿ, ಬಾಣಲೆ, ಸಲಿಕೆಗಳನ್ನು ತನ್ನ ಅಂಗಡಿಯಲ್ಲಿ ತುಂಬಿಸಿಕೊಂಡ ಮೇಲೆ. ಬೆಲೆಗಿಂತ ಸೂಕ್ಷ್ಮವಾದ ಇನ್ನೊಂದು ಸೋರಿಕೆ ತಕ್ಕಡಿಯಲ್ಲಿತ್ತು. ಗಣಿಪ್ರದೇಶದಲ್ಲಿ ಒಂದು ಔನ್ಸ್ ಚಿನ್ನದ ಪುಡಿಗೆ 16 ಡಾಲರ್ ಎಂಬುದು ರೂಢಿಯ ದರ. ಶುದ್ಧ ಚಿನ್ನಕ್ಕೆ ಸರ್ಕಾರದ ದರ 20 ಡಾಲರ್ 67 ಸೆಂಟ್. ಕ್ಯಾಲಿಫೋರ್ನಿಯಾದ ಪುಡಿಯಲ್ಲಿದ್ದ ಬೆರಕೆಯನ್ನು ಕಳೆದರೂ ಟಂಕಸಾಲೆಯಲ್ಲಿ ಅದು 18 ಡಾಲರಿನ ಆಸುಪಾಸು ಬಾಳುತ್ತಿತ್ತು. ಆದರೆ ಸಾನ್ ಫ್ರಾನ್ಸಿಸ್ಕೋದಲ್ಲಿ ಟಂಕಸಾಲೆ ತೆರೆದದ್ದು 1854ರಲ್ಲಿ. ಅಲ್ಲಿಯವರೆಗೆ ಈ ವ್ಯತ್ಯಾಸವೆಲ್ಲ ಪುಡಿ ಕೊಂಡು ಪೂರ್ವಕ್ಕೆ ಸಾಗಿಸಿದವರ ಪಾಲಾಯಿತು. ಬೇರೆ ದಾರಿಯಿಲ್ಲದ ಗಣಿಗಾರ ಕೊಳ್ಳುವಾಗ ಹೆಚ್ಚು ಕೊಟ್ಟ, ಮಾರುವಾಗ ಕಡಿಮೆ ಪಡೆದ. ಮುಂದೆ ರೈಲ್ವೆಯ ದೊರೆಗಳಾದ ಲೀಲಂಡ್ ಸ್ಟ್ಯಾನ್‌ಫರ್ಡ್, ಕಾಲಿಸ್ ಹಂಟಿಂಗ್ಟನ್, ಮಾರ್ಕ್ ಹಾಪ್‌ಕಿನ್ಸ್, ಚಾರ್ಲ್ಸ್ ಕ್ರಾಕರ್ ನಾಲ್ವರೂ ಸ್ಯಾಕ್ರಮೆಂಟೊದ ಅಂಗಡಿಕಾರರಾಗಿದ್ದರೆಂಬುದು ಕಾಕತಾಳೀಯವಲ್ಲ.

ಅಡುಗೆ, ಬಟ್ಟೆ ಒಗೆತ, ಹೊಲಿಗೆಗಳ ಲೆಕ್ಕವೂ ಇಲ್ಲಿ ಸೇರಬೇಕು. 1850ರ ಜನಗಣತಿಯಲ್ಲಿ ಕ್ಯಾಲಿಫೋರ್ನಿಯಾದ ಜನಸಂಖ್ಯೆ 92,597. ಅದರಲ್ಲಿ ಹೆಂಗಸರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಗಣಿ ಜಿಲ್ಲೆಗಳಲ್ಲಿ ಇನ್ನೂ ಕಡಿಮೆ. ಊರಿನಲ್ಲಿ ಹೆಂಡತಿ, ತಾಯಿ, ಅಕ್ಕತಂಗಿಯರು ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸಗಳಿಗೆ ಇಲ್ಲಿ ಬೆಲೆ ಕಟ್ಟಬೇಕಾಯಿತು. ಲೂಜೀನಾ ವಿಲ್ಸನ್ ಎಂಬ ಗೃಹಿಣಿ ನೆವಾಡಾ ಸಿಟಿಯಲ್ಲಿ ಒಲೆ ಹೂಡಿ, ಮೇಜು ಹಾಕಿ, ಗಣಿಗಾರರಿಗೆ ಊಟ ಬಡಿಸುತ್ತಲೇ ಹೋಟೆಲು ಕಟ್ಟಿದಳು. ಫೆದರ್ ನದಿಯ ರಿಚ್ ಬಾರ್, ಇಂಡಿಯನ್ ಬಾರ್ ಬಿಡಾರಗಳಿಂದ 1851 ಮತ್ತು 1852ರಲ್ಲಿ ತಂಗಿಗೆ 23 ಕಾಗದಗಳನ್ನು ಬರೆದ, ವೈದ್ಯನ ಹೆಂಡತಿ ಲೂಯಿಸ್ ಕ್ಲಾಪ್ ಗಣಿಗಾರಿಕೆಯನ್ನು ಲಾಟರಿಯ ಸಾಲಿಗೆ ಸೇರಿಸಿದಳು. ಲಾಟರಿಯ ಚೀಟಿ ಕೊಂಡವನಿಗಿಂತ ಅವನಿಗೆ ಅನ್ನ ಬೇಯಿಸಿ ಹಾಕಿದವಳ ಕೈಗೆ ಖಚಿತವಾದ ಹಣ ಸೇರಿತು. ಚಿನ್ನವನ್ನು ನೇರವಾಗಿ ಹುಡುಕದೆ, ಹುಡುಕುವವರ ಅಗತ್ಯಗಳನ್ನು ಪೂರೈಸಿದವರೇ ನೆಮ್ಮದಿಯಾಗಿ ಉಳಿದರೆಂಬುದಕ್ಕೆ ಇದೂ ಒಂದು ಸಾಕ್ಷಿ.

ನನ್ನ ವಾದದ ಬೆನ್ನೆಲುಬು ಇರುವುದು ಎರಡು ಅಂಕಿಸಾಲುಗಳಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ತೆಗೆದ ಚಿನ್ನದ ಮೌಲ್ಯ 1849ರಲ್ಲಿ ಸುಮಾರು ಒಂದು ಕೋಟಿ ಡಾಲರ್. 1852ರಲ್ಲಿ ಅದು ತುತ್ತತುದಿಗೇರಿ ಎಂಟು ಕೋಟಿ ದಾಟಿತು. 1856ರಲ್ಲೂ ಐದೂವರೆ ಕೋಟಿಯ ಮೇಲಿತ್ತು. ಇತಿಹಾಸಕಾರ ರಾಡ್ಮನ್ ಪಾಲ್ ಅಂದಾಜಿಸಿದಂತೆ ಗಣಿಗಾರನ ಸರಾಸರಿ ದಿನಗಳಿಕೆ 1848ರಲ್ಲಿ 20 ಡಾಲರ್, 1849ರಲ್ಲಿ 16, 1852ರಲ್ಲಿ 6, 1856ರಲ್ಲಿ 3. ಅಂದರೆ 1849ರಿಂದ 1856ರ ನಡುವೆ ಒಟ್ಟು ಉತ್ಪಾದನೆ ಐದು ಪಟ್ಟಿಗೂ ಮೀರಿ ಬೆಳೆಯಿತು, ದುಡಿಯುವವನ ಗಳಿಕೆ ಐದನೇ ಒಂದು ಪಾಲಿಗೂ ಕೆಳಗೆ ಇಳಿಯಿತು. ಇನ್ನೂ ಒಂದು ಲೆಕ್ಕ ಹಾಕಬಹುದು. 1852ರಲ್ಲಿ ಗಣಿಗಾರರ ಸಂಖ್ಯೆ ಸುಮಾರು ಒಂದು ಲಕ್ಷ ಎಂಬುದು ಅದೇ ವಿದ್ವಾಂಸನ ಅಂದಾಜು. ಆ ವರ್ಷದ ಚಿನ್ನವನ್ನೆಲ್ಲ ಸಮನಾಗಿ ಹಂಚಿದ್ದರೂ ತಲೆಗೆ ಬರುತ್ತಿದ್ದುದು ವರ್ಷಕ್ಕೆ 800 ಡಾಲರಿನಷ್ಟು. ದಿನಕ್ಕೆ ಆರು ಡಾಲರ್ ಎಂದು ಹಿಡಿದರೆ ಅದು ನೂರಮೂವತ್ತು ಚಿಲ್ಲರೆ ದಿನಗಳ ಗಳಿಕೆ ಮಾತ್ರ. ಮಿಕ್ಕ ದಿನಗಳು ಪ್ರವಾಹಕ್ಕೆ, ಬರಕ್ಕೆ, ಕಾಯಿಲೆಗೆ, ಬರಡು ತಾಕಿಗೆ, ಹೊಸ ಜಾಗದ ಹುಡುಕಾಟಕ್ಕೆ ಹೋದವು ಎಂದೇ ಅರ್ಥ. ಆ ದಿನಗಳಲ್ಲೂ ಹೊಟ್ಟೆ ಹಸಿಯುತ್ತಿತ್ತು, ಅಂಗಡಿಯ ಸಾಲ ಬೆಳೆಯುತ್ತಿತ್ತು.

ಗಳಿಕೆ ಇಳಿದದ್ದು ಸಹಜವಲ್ಲವೇ, ಜನ ಹೆಚ್ಚಾದರು, ಸುಲಭದ ಚಿನ್ನ ಮುಗಿಯಿತು, ಇದರಲ್ಲಿ ಏರ್ಪಾಟಿನ ತಪ್ಪೇನು ಎಂದು ಕೇಳಬಹುದು. ಈ ಮಾತಿನಲ್ಲಿ ಸತ್ಯವಿದೆ. ಹೊಳೆಯ ಮೇಲ್ಪದರದ ಚಿನ್ನ ಬರಿದಾದದ್ದು ನಿಜ. ಆದರೆ ಉತ್ಪಾದನೆ ಕುಸಿಯಲಿಲ್ಲ. ಆಳದ ಚಿನ್ನ ತೆಗೆಯಲು ಬೇಕಾದ ಸಾಧನ ಬದಲಾಯಿತು. ಮುಖ್ಯ ಸಾಧನ ನೀರು; ಚಿನ್ನ ಕೈಬಿಟ್ಟು ಹೋದ ಎರಡನೆಯ ದಾರಿಯೂ ಅದೇ. ಹೊಳೆಯಿಂದ ದೂರದ ಗುಡ್ಡಗಳ ಜಲ್ಲಿಯನ್ನು ತೊಳೆಯಲು ಮೈಲಿಗಟ್ಟಲೆ ಕಾಲುವೆ ತೋಡಬೇಕಿತ್ತು, ಅದಕ್ಕೆ ಬಂಡವಾಳ ಬೇಕಿತ್ತು. ನೀರಿನ ಕಂಪನಿಗಳು ಹುಟ್ಟಿದವು, ಅವರಿಂದ ಗಣಿಗಾರ ದಿನದ ಲೆಕ್ಕದಲ್ಲಿ ನೀರು ಕೊಂಡ. 1855ರಲ್ಲಿ ಕೊಲಂಬಿಯಾ ಎಂಬ ಪಟ್ಟಣದ ಗಣಿಗಾರರು ನೀರಿನ ದರ ಇಳಿಸಬೇಕೆಂದು ಕೆಲಸ ನಿಲ್ಲಿಸಿದರು. ಅದೇ ವರ್ಷ ಅರ್ವಿನ್ ಮತ್ತು ಫಿಲಿಪ್ಸ್ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ, ಮೊದಲು ನೀರು ತಿರುಗಿಸಿಕೊಂಡವನದೇ ಹಕ್ಕು, ಆಮೇಲೆ ಹೊಳೆಯ ದಡಕ್ಕೆ ಬಂದ ಗಣಿಗಾರ ಆ ನೀರನ್ನು ಕೇಳುವಂತಿಲ್ಲ ಎಂದು ತೀರ್ಪಿತ್ತಿತು. 1853ರಲ್ಲಿ ನೆವಾಡಾ ಸಿಟಿಯ ಬಳಿ ಎಡ್ವರ್ಡ್ ಮ್ಯಾಟ್ಸನ್ ಕೊಳವೆಯ ನೀರನ್ನು ಗುಡ್ಡದ ಮೇಲೆ ರಭಸದಿಂದ ಹಾಯಿಸಿ ಕೆಡವುವ ಪದ್ಧತಿಯನ್ನು ಆರಂಭಿಸಿದ ಮೇಲೆ ಬಾಣಲೆಯವನ ಕಾಲ ಮುಗಿಯುತ್ತ ಬಂತು. ಐದಾರು ವರ್ಷಗಳಲ್ಲಿ ತನ್ನ ತಾಕಿನ ಯಜಮಾನನಾಗಿದ್ದವನು ಕಂಪನಿಯ ಕೂಲಿಯಾಳಾದ. ಭೂಗರ್ಭ ಈ ಬದಲಾವಣೆಗೆ ಅವಕಾಶ ಕೊಟ್ಟಿತು. ಲಾಭ ಯಾರಿಗೆ ಸೇರಬೇಕೆಂದು ತೀರ್ಮಾನಿಸಿದ್ದು ನೀರಿನ ಹಕ್ಕು.

ಮೂರನೆಯ ದಾರಿ ತೆರಿಗೆ. 1850ರಲ್ಲಿ ರಾಜ್ಯದ ಶಾಸನಸಭೆ ಹೊರದೇಶದ ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಹಾಕಿತು. ಮೆಕ್ಸಿಕೋದ ಸೊನೋರಾ ಪ್ರಾಂತದಿಂದ, ಚಿಲಿಯಿಂದ ಬಂದ ನುರಿತ ಗಣಿಗಾರರು ಸಾವಿರಾರು ಸಂಖ್ಯೆಯಲ್ಲಿ ದಕ್ಷಿಣದ ಗಣಿಗಳನ್ನು ಬಿಟ್ಟು ಹೊರಟರು. ಅವರು ಹೋದಾಗ ಗಿರಾಕಿಗಳಿಲ್ಲದೆ ಅಂಗಡಿಕಾರರೇ ಕೂಗೆಬ್ಬಿಸಿದರು. 1851ರಲ್ಲಿ ತೆರಿಗೆ ರದ್ದಾಯಿತು. ದುಡಿಯುವವರ ಗೋಳಿಗೆ ಕರಗದ ಕಾನೂನು ಅಂಗಡಿಯ ನಷ್ಟಕ್ಕೆ ಕರಗಿತು. 1852ರಲ್ಲಿ ಅದೇ ತೆರಿಗೆ ತಿಂಗಳಿಗೆ 3 ಡಾಲರ್ ಆಗಿ ಮರಳಿತು, ಮರುವರ್ಷ 4 ಆಯಿತು. ಈ ಸಲ ಗುರಿ ಚೀನೀಯರು. 1852ರ ಒಂದೇ ವರ್ಷದಲ್ಲಿ ಸುಮಾರು 20,000 ಚೀನೀಯರು ಸಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಿದ್ದರು. ಬಿಳಿಯರು ಬಿಟ್ಟುಹೋದ ತಾಕುಗಳನ್ನೇ ಮತ್ತೆ ಜಾಲಿಸಿ ಅವರು ಬದುಕು ಸಾಗಿಸುತ್ತಿದ್ದರು. ತೆರಿಗೆ ವಸೂಲಿಯ ಹೆಸರಿನಲ್ಲಿ ಅವರನ್ನು ದೋಚಿದವರ ಮೇಲೆ ದೂರು ಕೊಡುವ ದಾರಿಯೂ ಮುಚ್ಚಿತ್ತು. 1854ರಲ್ಲಿ ಜಾರ್ಜ್ ಹಾಲ್ ಎಂಬ ಬಿಳಿಯನ ಮೇಲಿನ ಕೊಲೆ ಪ್ರಕರಣದಲ್ಲಿ, ಬಿಳಿಯರ ವಿರುದ್ಧ ಚೀನೀಯರ ಸಾಕ್ಷ್ಯ ಸಲ್ಲದು ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತ್ತು. 1870ರವರೆಗೂ ಈ ತೆರಿಗೆ ರಾಜ್ಯದ ಬೊಕ್ಕಸಕ್ಕೆ ದೊಡ್ಡ ಆಸರೆಯಾಗಿ ನಿಂತಿತು.

ಮೂಲನಿವಾಸಿಗಳ ಪಾಡನ್ನು ಕಷ್ಟ ಎಂಬ ಪದದಲ್ಲಿ ಅಡಗಿಸಲಾಗದು. ಮೈದು, ನಿಸೆನಾನ್, ಮಿವೋಕ್ ಸಮುದಾಯಗಳ ಹೊಳೆಗಳಲ್ಲಿ ಮೀನು ಹೋಯಿತು, ಅವರ ಆಹಾರವಾಗಿದ್ದ ಓಕ್ ಕಾಯಿಗಳ ಮರಗಳನ್ನು ಕಡಿದರು. 1850ರ ಕಾಯ್ದೆಯೊಂದು ಅಲೆಮಾರಿತನದ ನೆಪದಲ್ಲಿ ಅವರನ್ನು ಹಿಡಿದು ದುಡಿಮೆಗೆ ಹರಾಜು ಹಾಕಲು, ಮಕ್ಕಳನ್ನು ಜೀತಕ್ಕಿಡಲು ದಾರಿ ಮಾಡಿತು. 1851ರ ಜನವರಿಯಲ್ಲಿ ಗವರ್ನರ್ ಪೀಟರ್ ಬರ್ನೆಟ್ ಆ ಜನಾಂಗ ಅಳಿಯುವವರೆಗೂ ಯುದ್ಧ ನಡೆಯುತ್ತದೆಂದು ಶಾಸನಸಭೆಯ ಮುಂದೆಯೇ ಹೇಳಿದ. 1840ರ ದಶಕದಲ್ಲಿ ಸುಮಾರು ಒಂದೂವರೆ ಲಕ್ಷ ಇದ್ದ ಅವರ ಸಂಖ್ಯೆ 1870ರ ದಶಕದ ಆರಂಭಕ್ಕೆ ಮೂವತ್ತು ಸಾವಿರದ ಆಸುಪಾಸಿಗೆ ಇಳಿಯಿತೆಂದು ಇತಿಹಾಸಕಾರ ಬೆಂಜಮಿನ್ ಮ್ಯಾಡ್ಲಿ ಲೆಕ್ಕ ಹಾಕಿದ್ದಾರೆ. 2019ರಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ರಾಜ್ಯದ ಪರವಾಗಿ ಕ್ಷಮೆ ಕೇಳಿದರು. ಇಲ್ಲಿ ನನ್ನ ವಾದಕ್ಕೆ ಒಂದು ತಿದ್ದುಪಡಿ ಬೇಕಾಗುತ್ತದೆ. ಬಿಳಿಯ ಗಣಿಗಾರ ವಂಚಿತನಷ್ಟೇ ಆಗಿರಲಿಲ್ಲ. ಮೇಲಿನಿಂದ ತನ್ನ ಮೇಲೆ ಬಿದ್ದ ಹೊರೆಯನ್ನು ತನಗಿಂತ ಬಲಹೀನರ ಮೇಲೆ ಹೊರಿಸಿದವನೂ ಅವನೇ. ತೆರಿಗೆಗೆ ಒತ್ತಾಯಿಸಿದ ಬಿಡಾರದ ಸಭೆಗಳಲ್ಲಿ, ಮೂಲನಿವಾಸಿಗಳ ಮೇಲೆ ದಾಳಿ ನಡೆಸಿದ ಗುಂಪುಗಳಲ್ಲಿ ಸಾಮಾನ್ಯ ಗಣಿಗಾರರಿದ್ದರು. ಅಪಾಯವನ್ನು ಕೆಳಕ್ಕೆ ತಳ್ಳುವ ಏರ್ಪಾಟಿನಲ್ಲಿ ನಡುವಿನ ಮೆಟ್ಟಿಲಿನವರೂ ಪಾಲುದಾರರೇ.

ಈಗ ಆಕ್ಷೇಪಗಳು. ಇವರನ್ನು ಯಾರೂ ಕಟ್ಟಿ ತಂದಿರಲಿಲ್ಲ, ತಾವಾಗಿ ಬಂದರು ಎಂಬುದು ಮೊದಲನೆಯದು. ಬಂದದ್ದು ಇಚ್ಛೆಯಿಂದಲೇ, ಒಪ್ಪೋಣ. ಕೆಲವರನ್ನು ಅಮೆರಿಕದ ದಕ್ಷಿಣ ರಾಜ್ಯಗಳ ಒಡೆಯರು ಗುಲಾಮರಾಗಿ ತಂದಿದ್ದರೆಂಬುದನ್ನು ಮಾತ್ರ ಮರೆಯಬಾರದು. ಆದರೆ ಬರುವ ಇಚ್ಛೆಯನ್ನು ರೂಪಿಸಿದ ಸುದ್ದಿಗಳನ್ನು ಬಿತ್ತಿದವರಲ್ಲಿ ಟಿಕೆಟ್ಟು, ಸಾಮಾನು ಮಾರುವವರಿದ್ದರು. ಬಂದ ಮೇಲೆ ಹಿಂದಿರುಗುವ ಇಚ್ಛೆಯನ್ನು ಸಾಲವೂ ಊರವರ ಮುಂದೆ ಬರಿಗೈಲಿ ನಿಲ್ಲುವ ನಾಚಿಕೆಯೂ ಕಟ್ಟಿಹಾಕಿದವು. 1858ರಲ್ಲಿ ಕೆನಡಾದ ಫ್ರೇಸರ್ ನದಿಯಲ್ಲಿ ಚಿನ್ನ ಸಿಕ್ಕ ಸುದ್ದಿ ಬಂದಾಗ ಸಾವಿರಾರು ಗಣಿಗಾರರು ಕ್ಯಾಲಿಫೋರ್ನಿಯಾ ಬಿಟ್ಟು ಮತ್ತೆ ಅದೇ ಜೂಜಿಗೆ ಹೊರಟದ್ದು ಅವರು ಇಲ್ಲಿ ಗೆದ್ದಿರಲಿಲ್ಲ ಎಂಬುದನ್ನೇ ತೋರಿಸುತ್ತದೆ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ದಿನಕ್ಕೆ ಮೂರು ಡಾಲರ್ ಎಂದರೂ ಪೂರ್ವದ ಕೂಲಿಯ ಮೂರು ಪಟ್ಟು, ಜೊತೆಗೆ 1852ರ ಹೊತ್ತಿಗೆ ಸಾಮಾನಿನ ಬೆಲೆಗಳೂ ಇಳಿದಿದ್ದವು. ಇದೂ ನಿಜವೇ. ಆದರೆ ಹೋಲಿಕೆ ಸರಿಯಾಗಬೇಕಾದರೆ ಪ್ರಯಾಣದ ಖರ್ಚು, ಪ್ರಯಾಣದ ತಿಂಗಳುಗಳ ಗಳಿಕೆಯ ನಷ್ಟ, ಖಾಲಿ ಹೋದ ದಿನಗಳು, ಸಾಲದ ಬಡ್ಡಿಗಳನ್ನು ಕಳೆಯಬೇಕು. ಅರ್ಥಶಾಸ್ತ್ರಜ್ಞರಾದ ಕರೆನ್ ಕ್ಲೇ ಮತ್ತು ರಾಂಡಲ್ ಜೋನ್ಸ್ 1850 ಮತ್ತು 1852ರ ಜನಗಣತಿಗಳನ್ನು ಆಧರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕೆಲಸ ಮಾಡಿದೆ. ಗಣಿಗಾರರಿಗೆ ಸರಾಸರಿಯಲ್ಲಿ ದಕ್ಕಿದ್ದು ಅಲ್ಪ ಲಾಭ, ಪ್ರಾಯಶಃ ನಷ್ಟವೇ. ಗಣಿಗೆ ಇಳಿಯದೆ ಬೇರೆ ಕಸುಬು ಮಾಡಿದವರಿಗೆ ಲಾಭವಾಯಿತು ಎಂಬುದು ಅವರ ತೀರ್ಮಾನ.

ವ್ಯಾಪಾರಿಯೂ ಅಪಾಯ ಹೊತ್ತಿದ್ದನಲ್ಲ ಎಂಬುದು ಮೂರನೆಯದು. ಹೊತ್ತಿದ್ದ. 1849ರ ಡಿಸೆಂಬರಿನಿಂದ 1851ರ ಜೂನ್‌ವರೆಗೆ ಸಾನ್ ಫ್ರಾನ್ಸಿಸ್ಕೋ ಆರು ಸಲ ಹೊತ್ತಿ ಉರಿಯಿತು. ಒಂದೇ ಸರಕು ಹತ್ತು ಹಡಗುಗಳಲ್ಲಿ ಬಂದಿಳಿದು ಬೆಲೆ ಕುಸಿದಾಗ ಅನೇಕರು ದಿವಾಳಿಯಾದರು. ಆದರೂ ಒಂದು ವ್ಯತ್ಯಾಸವಿದೆ. ವ್ಯಾಪಾರಿ ತನ್ನ ನಷ್ಟವನ್ನು ಮುಂದಿನ ಬೆಲೆಯಲ್ಲಿ ಸೇರಿಸಿ ನೂರು ಗಿರಾಕಿಗಳಿಗೆ ಹಂಚಬಲ್ಲ. ಬರಡು ತಾಕಿನ ನಷ್ಟವನ್ನು ಗಣಿಗಾರ ಯಾರಿಗೆ ಹಂಚಬೇಕು? ವ್ಯಾಪಾರಸ್ಥರ ಅಪಾಯವೂ ಕೊನೆಗೆ ಅವನ ಮೇಲೆಯೇ ಬೀಳುತ್ತಿತ್ತೆಂಬುದಕ್ಕೆ ನಾನು ಹೇಳಿದ ನಾಲ್ಕನೆಯ ದಾರಿಯೇ ಸಾಕ್ಷಿ. 1855ರ ಫೆಬ್ರವರಿಯಲ್ಲಿ ಪೇಜ್, ಬೇಕನ್ ಕಂಪನಿಯ ಬ್ಯಾಂಕೂ ಆಡಮ್ಸ್ ಕಂಪನಿಯೂ ಬಾಗಿಲು ಹಾಕಿದವು. ಗಣಿ ಪಟ್ಟಣಗಳಲ್ಲೆಲ್ಲ ಶಾಖೆಗಳಿದ್ದ ಆಡಮ್ಸ್ ಕಂಪನಿಯನ್ನು ನಂಬಿ ಗಣಿಗಾರರು ತಮ್ಮ ಉಳಿತಾಯದ ಪುಡಿಯನ್ನು ಅಲ್ಲಿಟ್ಟಿದ್ದರು. ಹೊಳೆಯಲ್ಲಿ ಗೆದ್ದವನೂ ಪಟ್ಟಣದಲ್ಲಿ ಸೋತ.

ನಾಲ್ಕನೆಯ ಆಕ್ಷೇಪದ ಬಗ್ಗೆ ನನಗೆ ಗೌರವವಿದೆ. ಸರ್ಕಾರವಿಲ್ಲದ ನೆಲದಲ್ಲಿ ಗಣಿಗಾರರು ತಾವೇ ಸಭೆ ಸೇರಿ, ತಾಕಿನ ಅಳತೆ ಗೊತ್ತುಮಾಡಿ, ಒಬ್ಬನಿಗೆ ಒಂದೇ ತಾಕು ಎಂಬಂಥ ನಿಯಮ ಮಾಡಿ, ಜಗಳ ಬಗೆಹರಿಸಿಕೊಂಡರು. ಈ ಸ್ವಯಂ ಆಡಳಿತ ಕಷ್ಟಗಳ ನಡುವಿನ ದೊಡ್ಡ ಸಾಧನೆ ಎನ್ನುತ್ತಾರೆ. ಆ ನಿಯಮಗಳಲ್ಲಿ ಸಮಾನತೆಯ ಕಾಳಜಿ ಇತ್ತು, 1866 ಮತ್ತು 1872ರ ರಾಷ್ಟ್ರೀಯ ಗಣಿ ಕಾನೂನುಗಳಿಗೆ ಅವೇ ತಳಹದಿ. ಆದರೆ ಆ ಸಮಾನತೆಗೆ ಎರಡು ಬೇಲಿಗಳಿದ್ದವು. ಮೆಕ್ಸಿಕನ್ನರು, ಚೀನೀಯರು, ಮೂಲನಿವಾಸಿಗಳು ಬಹುತೇಕ ಕಡೆ ಸಭೆಯ ಹೊರಗಿದ್ದರು. ಎರಡನೆಯದಾಗಿ, ನಿಯಮಗಳು ತಾಕನ್ನು ಹಂಚಿದವೇ ಹೊರತು ನೀರನ್ನೂ ಬಂಡವಾಳವನ್ನೂ ಹಂಚಲಿಲ್ಲ. ನೀರಿಲ್ಲದ ತಾಕಿನ ಸಮಾನತೆ ಎಷ್ಟು ಕಾಲ ಬಾಳಬಲ್ಲದು ಎಂಬುದಕ್ಕೆ ಐದು ವರ್ಷಗಳಲ್ಲೇ ಉತ್ತರ ಸಿಕ್ಕಿತು.

ಕಾನೂನು ಯಾವಾಗ ಎಚ್ಚೆತ್ತಿತು ಎಂಬುದು ಈ ಇಡೀ ಕಥೆಗೆ ಬೆಳಕು ಚೆಲ್ಲುತ್ತದೆ. ನೀರಿನ ಕೊಳವೆಗಳಿಂದ ಕೆಡವಿದ ಗುಡ್ಡಗಳ ಮಣ್ಣು ಯೂಬಾ, ಫೆದರ್ ನದಿಗಳ ಪಾತ್ರ ತುಂಬಿ, ಕಣಿವೆಯ ಗೋಧಿ ಹೊಲ, ಹಣ್ಣಿನ ತೋಟಗಳ ಮೇಲೆ ಹರಡಿತು. 1875ರಲ್ಲಿ ಮೇರಿಸ್‌ವಿಲ್ ಪಟ್ಟಣ ಮುಳುಗಿತು. ಜಮೀನುದಾರರು ಮೊಕದ್ದಮೆ ಹೂಡಿದರು. 1884ರ ಜನವರಿಯಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಗಣಿಯ ಮಣ್ಣನ್ನು ನದಿಗೆ ಬಿಡಕೂಡದೆಂದು ಆಜ್ಞೆ ಮಾಡಿದ್ದೇ ತಡ ಆ ಪದ್ಧತಿಯ ಗಣಿಗಾರಿಕೆ ಹೆಚ್ಚುಕಡಿಮೆ ನಿಂತಿತು. ತೀರ್ಪು ಸರಿಯಾದದ್ದೇ. ಆದರೆ ಅಪಾಯದ ಹೊರೆ ಜಮೀನಿನ ಪತ್ರವುಳ್ಳವರ ಮೇಲೆ, ನ್ಯಾಯಾಲಯದಲ್ಲಿ ಮಾತಿಗೆ ಬೆಲೆಯಿದ್ದವರ ಮೇಲೆ ಬಿದ್ದಾಗ ಮಾತ್ರ ಕೊಳವೆಗಳು ನಿಂತವು. ಅದೇ ಹೊರೆಯನ್ನು ಮೂವತ್ತು ವರ್ಷ ಹೊತ್ತ ಕೂಲಿ, ಚೀನೀಯ, ಮೂಲನಿವಾಸಿಗಳಿಗೆ ಅಂಥ ಆಜ್ಞೆಯೊಂದು ಸಿಕ್ಕಿರಲಿಲ್ಲ. ಹೊಳೆಗೆ ಸೇರಿದ ಪಾದರಸವಾದರೋ ಇಂದಿಗೂ ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಕೆಸರಿನಲ್ಲಿದೆ. ಅಲ್ಲಿನ ಕೆಲವು ಮೀನುಗಳನ್ನು ಇಷ್ಟಕ್ಕಿಂತ ಹೆಚ್ಚು ತಿನ್ನಬೇಡಿ ಎಂದು ಸರ್ಕಾರ ಎಚ್ಚರಿಸಬೇಕಾಗಿದೆ.

ಈ ಕಥೆಯ ಒಂದು ಎಳೆ ನಮ್ಮ ನೆಲಕ್ಕೂ ಬಂದಿದೆ. ಕ್ಯಾಲಿಫೋರ್ನಿಯಾದಲ್ಲಿ ಅಗೆದು ಬರಿಗೈಲಿ ಮರಳಿದ ಎಡ್ವರ್ಡ್ ಹಾರ್‌ಗ್ರೇವ್ಸ್ 1851ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ರಷ್‌ಗೆ ಕಾರಣನಾದ. ಅಲ್ಲಿಂದ ಅಲೆ ನ್ಯೂಜಿಲೆಂಡಿಗೆ ಹೋಯಿತು. ನ್ಯೂಜಿಲೆಂಡಿನಲ್ಲಿ ಸೈನಿಕನಾಗಿದ್ದು, ಚಿನ್ನದ ಗೀಳು ಹತ್ತಿಸಿಕೊಂಡು ಬೆಂಗಳೂರಿಗೆ ಬಂದ ಐರ್ಲೆಂಡಿನ ಮೈಕೇಲ್ ಲವೆಲ್ 1873ರಲ್ಲಿ ಕೋಲಾರದಲ್ಲಿ ಚಿನ್ನ ಹುಡುಕಲು ಮೈಸೂರು ಸರ್ಕಾರದ ಅನುಮತಿ ಕೋರಿದ. ಕೋಲಾರದಲ್ಲಿ ಬಾಣಲೆ ಹಿಡಿದ ಸ್ವತಂತ್ರ ಗಣಿಗಾರನ ಘಟ್ಟ ಬರಲೇ ಇಲ್ಲ. ಗಟ್ಟಿ ಬಂಡೆಯ ಚಿನ್ನ ಮೊದಲಿನಿಂದಲೂ ಕಂಪನಿಗಳ ಪಾಲು. ಲಂಡನ್ನಿನ ಷೇರುದಾರರಿಗೆ ಲಾಭಾಂಶ, ಸರ್ಕಾರಕ್ಕೆ ರಾಜಧನ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಕಾರ್ಮಿಕನಿಗೆ ಬಂಡೆ ಸಿಡಿತದ ಭಯ ಮತ್ತು ದೂಳು ತುಂಬಿದ ಶ್ವಾಸಕೋಶ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಯನೈಡಿನಿಂದ ಚಿನ್ನ ತೆಗೆದು ಸುರಿದ ದಿಬ್ಬಗಳು ಅಲ್ಲೇ ಇವೆ, ಗಾಳಿಗೆ ಏಳುವ ದೂಳು ಅಲ್ಲಿನವರ ಮನೆಗಳಿಗೇ ನುಗ್ಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಐದಾರು ವರ್ಷಗಳಲ್ಲಿ ರೂಪುಗೊಂಡ ಏರ್ಪಾಟು ಇಲ್ಲಿ ಸಿದ್ಧವಾಗಿಯೇ ಬಂದಿಳಿಯಿತು.

ಗೋಲ್ಡ್ ರಷ್‌ನಿಂದ ಒಳ್ಳೆಯದೇನೂ ಆಗಲಿಲ್ಲವೆಂದು ನಾನು ಹೇಳುತ್ತಿಲ್ಲ. ಒಂದು ರಾಜ್ಯ ಹುಟ್ಟಿತು, ನಗರಗಳು ಎದ್ದವು, ಜಗತ್ತಿನ ವ್ಯಾಪಾರ ಹಿಗ್ಗಿತು. ಆದರೆ ಒಟ್ಟು ಉತ್ಪಾದನೆಯ ಅಂಕಿಯೊಂದನ್ನೇ ಸಂಪತ್ತಿನ ಅಳತೆಯಾಗಿ ಹಿಡಿದರೆ, 1856ರ ಗಣಿಗಾರ 1849ರ ಗಣಿಗಾರನಿಗಿಂತ ಸುಖಿಯೆಂದು ನಂಬಬೇಕಾಗುತ್ತದೆ. ಅವರ ದಿನಗಳಿಕೆ ಅದನ್ನು ಸುಳ್ಳುಮಾಡುತ್ತದೆ. ಆದ್ದರಿಂದ ಯಾವುದೇ ಹೊಸ ಸಂಪತ್ತಿನ ಬೆನ್ನುಹತ್ತಿ ಜನ ನುಗ್ಗುವಾಗ, ಅದು ಭೂಮಿಯೊಳಗಿನದಾಗಲಿ ಮಾರುಕಟ್ಟೆಯದಾಗಲಿ, ಚರಿತ್ರೆಯ ವಿದ್ಯಾರ್ಥಿ ಮೂರು ಪ್ರಶ್ನೆ ಕೇಳಬೇಕು. ಸೋತರೆ ಆ ಸೋಲು ಯಾರ ಮನೆ ಸೇರುತ್ತದೆ? ದುಡಿಯಲು ಅನಿವಾರ್ಯವಾದ ಸಾಧನ, ಅಲ್ಲಿ ನೀರು, ಇನ್ನೊಂದೆಡೆ ಮತ್ತೇನೋ, ಯಾರ ಹಿಡಿತದಲ್ಲಿದೆ? ನಷ್ಟವಾದವನ ದೂರನ್ನು ಕೇಳುವ ನ್ಯಾಯಾಲಯ ಇದೆಯೇ, ಅಲ್ಲಿ ಅವನ ಸಾಕ್ಷ್ಯ ಸಲ್ಲುತ್ತದೆಯೇ? ಈ ಮೂರಕ್ಕೂ ಉತ್ತರ ಸಿಗುವ ಮೊದಲು ಎಷ್ಟು ಟನ್ ತೆಗೆದರು, ಎಷ್ಟು ಕೋಟಿ ಗಳಿಸಿದರು ಎಂಬ ಲೆಕ್ಕವನ್ನು ಪೂರ್ಣವೆಂದು ಒಪ್ಪಬಾರದು.